ಮೂರು ರಿಂಗಿನ ಮಂದಿ

ಶುಭಾಂಗಿ ಕೊಲ್ಹಾಪುರದಲ್ಲಿ ಏನು ಕೆಲಸ ಮಾಡುತ್ತಾಳೆಂಬುದು ಅವಳ ಅವ್ವನಿಗೆ ಹನ್ನೊಂದು ವರ್ಷವಾದರೂ ತಿಳಿದಿರಲಿಲ್ಲ. ಹಾಗಂತ ಯಮುನವ್ವ ದಡ್ಡಿ ಎಂದುಕೊಳ್ಳಬೇಡಿ ಮತ್ತೆ. ನೂರಿಪ್ಪತ್ತು ಕುರಿಗಳನ್ನು ಮುಖ ನೋಡಿಯೇ ಗುರುತು ಹಿಡಿಯುವವಳು, ಮೋಡ ನೋಡಿ ಕುರಿಹಟ್ಟಿಯ ಗುಡಾರ ಕೀಳುವವಳು, ನಾಮದೇವನಂಥ ಮಾತಿಲ್ಲದ ಗಂಡನ ಜೊತೆ ಮೂವತ್ತೈದು ವರ್ಷ ಜಗಳವಾಡಿ ಗೆದ್ದವಳು. ದಡ್ಡತನ ಇದ್ದದ್ದು ಶುಭಾಂಗಿಯ ಬಾಯಿಯಲ್ಲಿ. ಕುರಿಗಾರರ ಸಂಘದ ಆಫೀಸಿನಲ್ಲಿ ಕಂಪ್ಯೂಟರ್ ಸರ್ವರ್ ನೋಡಿಕೊಳ್ಳುವುದೆಂದರೇನು ಎಂದು ಅವ್ವನಿಗೆ ಅರ್ಥವಾಗುವಂತೆ ಹೇಳಲು ಅವಳಿಗೆ ಒಂದು ದಿನವೂ ಬರಲಿಲ್ಲ.

"ಒಂದ ದೊಡ್ಡ ಯಂತ್ರ ಐತಿ ಯವ್ವಾ. ಅದರ ಹೊಟ್ಟ್ಯಾಗ ಮೂರ್ನಾಕು ಯಂತ್ರ ಅದಾವ. ಕಣ್ಣಿಗೆ ಕಾಣಂಗಿಲ್ಲ, ಆದ್ರ ಕೆಲಸ ಮಾಡ್ತಾವ."

"ಕಾಣಂಗಿಲ್ಲ ಅಂದಮ್ಯಾಗ ನೀ ದಿನಾ ಏನ ನೋಡ್ಕೋತಿ?"

"ಅವು ನಿಂದರದಂಗ ನೋಡ್ಕೋತೀನಿ."

"ಹಂಗಾದ್ರ ಅವು ನಿಂದರದ ಇದ್ದಾಗ ನೀ ಸುಮ್ಮ ಕೂತಿರ್ತಿ ಅನ್ನು."

ಇದಕ್ಕೆ ಏನು ಉತ್ತರ ಕೊಡುತ್ತೀರಿ? ಯಮುನವ್ವ ಮಗಳನ್ನು ಹೀಯಾಳಿಸುತ್ತಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದಳು. ಅದೇ ಶುಭಾಂಗಿಗೆ ಹೆಚ್ಚು ಚುಚ್ಚುತ್ತಿತ್ತು. ಮೂವತ್ತೆರಡು ವರ್ಷದ ಈ ಹೆಣ್ಣುಮಗಳಿಗೆ ಸಂಘದಲ್ಲಿ ಮರ್ಯಾದೆ ಇತ್ತು, ಸ್ವಂತ ಟೇಬಲ್ಲು ಇತ್ತು, ಕೆಳಗೆ ಸಾಯಲಿ ಎಂಬ ಸಹಾಯಕಿಯೂ ಇದ್ದಳು. ಆದರೂ ಅವಳಿಗೆ ಬೇಕಾದದ್ದು ಒಂದೇ: ಕಬ್ಬು ಕಡಿದ ಯಾರದೋ ಹೊಲದಲ್ಲಿ ಕುರಿ ಕೂರಿಸಿಕೊಂಡು ಕೂತ ಅವ್ವ ಒಮ್ಮೆ, ಒಂದೇ ಒಂದು ಸಲ, 'ನಿನ್ನದೂ ಕೆಲಸಾನೇ ಬಿಡು' ಅನ್ನಬೇಕು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಗುತ್ತಾರೆಂಬ ಭಯ.

ಅಂಥದ್ದರಲ್ಲಿ ಕುರಿ ಸಹಾಯವಾಣಿಯ ಕೆಲಸ ಅವಳ ಪಾಲಿಗೆ ಬಂತು. ಆ ಸಹಾಯವಾಣಿಯನ್ನು ಗಡಹಿಂಗ್ಲಜ, ಚಂದಗಡ ಕಡೆಯ ಕುರಿಗಾರರೆಲ್ಲ ಬಲ್ಲರು. ಕುರಿಗೆ ಏನಾದರೂ ಆದರೆ ಆ ನಂಬರಿಗೆ ರಿಂಗು ಕೊಡುವುದು. ಗಡಹಿಂಗ್ಲಜದಲ್ಲಿರುವ ಸಂಘದ ಡಾಕ್ಟರು ತಿರುಗಿ ಫೋನು ಮಾಡಿ ಔಷಧ ಹೇಳುವುದು, ಇಲ್ಲವೇ ಮೋಟರ್‌ಸೈಕಲ್ ಏರಿ ಬರುವುದು. ಆ ನಂಬರಿನ ಹಿಂದೆ ಆಫೀಸಿನ ಮೂಲೆಯಲ್ಲಿ, ರಿಂಗು ಕೊಟ್ಟವರ ಪಟ್ಟಿಯನ್ನು ಡಾಕ್ಟರಿಗೆ ಕಳಿಸುವ ಒಂದು ಹಳೆಯ ಡಬ್ಬಿ ಇತ್ತು. ಅದನ್ನು ಮಾಡಿದವರು ಇಚಲಕರಂಜಿಯ ಶ್ರೀಪಾಲ ಕಾಕಾ. ವಯಸ್ಸು ಅರವತ್ತಮೂರು, ಜೈನರ ಮನೆತನ, ಪವರ್‌ಲೂಮುಗಳ ಎಲೆಕ್ಟ್ರಾನಿಕ್ ಬೋರ್ಡು ರಿಪೇರಿ ಮಾಡುವ ಕಸುಬು. ಹದಿನಾಲ್ಕು ವರ್ಷದ ಹಿಂದೆ ತಾವೇ ಬೆಸುಗೆ ಹಾಕಿ, ತಾವೇ ಪ್ರೋಗ್ರಾಮು ಬರೆದು, ತಾವೇ ಹೊತ್ತು ತಂದು ಇಟ್ಟ ಡಬ್ಬಿ ಅದು. ಶುಭಾಂಗಿ ಸಂಘಕ್ಕೆ ಸೇರಿದಾಗ ಬೆಸುಗೆ ಹಿಡಿಯುವುದನ್ನು ಕಲಿಸಿದವರೂ ಅವರೇ. ಈಗ ಡಬ್ಬಿ ಮುದಿಯಾಗಿತ್ತು. ಬಿಸಿಲೇರಿದರೆ ಬಿಸಿಯಾಗಿ ನಿಂತೇ ಬಿಡುತ್ತಿತ್ತು. ಸಾಯಲಿ ಅದರ ಮುಂದೆ ಟೇಬಲ್ ಫ್ಯಾನ್ ಇಡುತ್ತಿದ್ದಳು.

ಸಂಘದ ಕಾರ್ಯದರ್ಶಿ ಕಾಕಾಸಾಹೇಬರು ಹೊಸ ಟೆಲಿಫೋನ್ ಎಕ್ಸ್‌ಚೇಂಜಿಗೆ ಒಪ್ಪಿಗೆ ಕೊಟ್ಟರು. ಆದರೆ ಹೊಸದು ಎಂದರೆ ಗಾಡಿಯಲ್ಲಿ ಬಂದಿಳಿಯುವ ಪೆಟ್ಟಿಗೆಯಲ್ಲ. ಅದು ವರ್ಚುವಲ್ ಅಪ್ಲಯನ್ಸು. ಇಡೀ ಎಕ್ಸ್‌ಚೇಂಜನ್ನು ಯಾರೋ ಎಲ್ಲಿಯೋ ಕೂತು ಪೂರ್ತಿ ಕಟ್ಟಿ, ಒಂದೇ ಫೈಲಿನೊಳಗೆ ಗಂಟು ಹಾಕಿ ಇಟ್ಟಿರುತ್ತಾರೆ. ಆ ಗಂಟನ್ನು ನಮ್ಮ ಸರ್ವರಿನೊಳಗೆ ಬಿಚ್ಚಿ, ಅದಕ್ಕಿಷ್ಟು ಜಾಗ, ಇಷ್ಟು ಮೆಮರಿ, ಒಂದು ವಿಳಾಸ ಕೊಟ್ಟು ಚಾಲೂ ಮಾಡಿದರೆ ಮುಗಿಯಿತು. ಸರ್ವರಿನ ಹೊಟ್ಟೆಯೊಳಗೆ ಮತ್ತೊಂದು ಕಾಣದ ಯಂತ್ರ ಎದ್ದು ಕೂತು ದುಡಿಯತೊಡಗುತ್ತದೆ. ಸ್ಕ್ರೂ ಇಲ್ಲ, ಬೆಸುಗೆ ಇಲ್ಲ, ಫ್ಯಾನೂ ಬೇಡ.

ಸೋಮವಾರ ಬೆಳಿಗ್ಗೆ ಮುಹೂರ್ತ. ಕಾಕಾಸಾಹೇಬರು ಹಾರ, ತೆಂಗಿನಕಾಯಿ ತರಿಸಿದ್ದರು. ಶ್ರೀಪಾಲ ಕಾಕಾ ಡಬ್ಬಿ ಒಯ್ಯಲು ಇಚಲಕರಂಜಿಯಿಂದ ಸ್ಕೂಟರಿನಲ್ಲಿ ಬಂದಿದ್ದರು, ಜೊತೆಗೆ ಅದನ್ನು ಸುತ್ತಿಕೊಳ್ಳಲು ಮನೆಯ ಹಳೆಯ ಕೌದಿ. ಶುಭಾಂಗಿ ಫೈಲನ್ನು ಏರಿಸಲು ಹಚ್ಚಿದಳು. ಶೇಕಡಾ ತೊಂಬತ್ತೆರಡಕ್ಕೆ ಬಂದು ನಿಂತುಬಿಟ್ಟಿತು.

"ಕಾಯ ಝಾಲಂ? ಏನಾತು?" ಎಂದು ಕಾಯಿ ಕೈಯಲ್ಲಿ ಹಿಡಿದೇ ಕೇಳಿದರು ಕಾಕಾಸಾಹೇಬರು.

"ಜಾಗಾ ಸಾಲವಲ್ದು ಸಾಹೇಬ್ರ. ಒಂದ ಐದ ಮಿನಿಟು."

ಯಾವಾಗಲೋ ಪರೀಕ್ಷೆಗೆಂದು ಮಾಡಿ ಮರೆತಿದ್ದ ಒಂದು ಕಾಣದ ಯಂತ್ರವನ್ನು ಅಳಿಸಿ ಜಾಗ ಮಾಡಿ ಮತ್ತೆ ಹಚ್ಚಿದಳು. ಈ ಸಲ ಸರಾಗ. ನಾಲ್ಕು ಜಿಬಿ ಮೆಮರಿ ಕೊಟ್ಟಳು, ನೆಟ್‌ವರ್ಕು ಆರಿಸಿದಳು, ಚಾಲೂ ಒತ್ತಿದಳು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರ ಓಡಿ, ಕೊನೆಗೆ ಹೆಸರು, ಗುಪ್ತಪದ ಕೇಳಿ ನಿಂತವು. ಯಾವುದೋ ದೂರದೇಶದ ಗಡಿಯಾರ ತೋರಿಸುತ್ತಿದ್ದದ್ದನ್ನು ನಮ್ಮ ವೇಳೆಗೆ ತಂದಳು. 'ನಮಸ್ಕಾರ' ಎಂದು ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಹೇಳುವ ದನಿಯನ್ನು ಸೇರಿಸಿದಳು. ಸಹಾಯವಾಣಿಯ ನಂಬರನ್ನು ಹಳೆಯ ಡಬ್ಬಿಯಿಂದ ಬಿಡಿಸಿ ಇದಕ್ಕೆ ಜೋಡಿಸಿದಳು. ಉಳಿದ ನೂರೆಂಟು ಆಯ್ಕೆಗಳನ್ನು ಬಂದ ಹಾಗೆಯೇ ಬಿಟ್ಟಳು. ಕಟ್ಟಿದವರು ತಿಳಿದವರೇ ಅಲ್ಲವೇ? ಕಾಯಿ ಒಡೆಯಿತು. ಹಾರವನ್ನು ಎಲ್ಲಿ ಹಾಕಬೇಕೆಂಬ ದೊಡ್ಡ ಪ್ರಶ್ನೆ ಎದ್ದು, ಹೊಸ ಯಂತ್ರಕ್ಕೆ ಮೈಯೇ ಇಲ್ಲವಾದ್ದರಿಂದ, ಪರದೆಗೇ ಹಾಕಿದರು.

ಶ್ರೀಪಾಲ ಕಾಕಾ ಮಾತ್ರ ಡಬ್ಬಿಯ ಮೇಲೆ ಕೈಯಿಟ್ಟು ನಿಂತೇ ಇದ್ದರು.

"ಶುಭಾ, ಒಂದ ತಾಸು ಕೂಡೋಣ ಬಾ. ಈ ಡಬ್ಬ್ಯಾಗ ನಮ್ಮ ಮಂದೀದು ಒಂದೊಂದ ರೂಢಿ ಅದಾವ. ಎಲ್ಲೀ ಬರದಿಟ್ಟಿಲ್ಲ ನಾ. ಹೇಳಿಬಿಡ್ತೀನಿ."

"ಕಾಕಾ, ಅದರಾಗ ಎಲ್ಲಾ ಐತ್ರಿ. ಮುನ್ನೂರ ಪುಟದ ಪುಸ್ತಕಾನೇ ಕೊಟ್ಟಾರ."

"ಪುಸ್ತಕ ಬರದವ ಕುರಿ ಕಾದಾನೇನ?"

"ನೀವ ಕಾದೀರೇನ?"

ಕಾಕಾ ನಕ್ಕುಬಿಟ್ಟರು. ಈ ಪೋರಿಯ ಬಾಯಿ ಅವರಿಗೆ ಮೊದಲಿನಿಂದಲೂ ಮೆಚ್ಚು. "ಆತು. ಒಂದ ವಾರ ಇದನ್ನೂ ಮಗ್ಗಲ್ದಾಗ ಚಾಲೂ ಇಡು."

"ಒಂದ ನಂಬರಿಗೆ ಎರಡ ಯಂತ್ರ ಕಚ್ಚಾಡ್ತಾವ ಕಾಕಾ. ನೀವ ನಿಶ್ಚಿಂತಿ ಇರ್ರಿ, ನಾ ಅದೇನಿ."

ಕಾಕಾ ಡಬ್ಬಿಯನ್ನು ಕೂಸಿನಂತೆ ಕೌದಿಯಲ್ಲಿ ಸುತ್ತಿ, ಸ್ಕೂಟರಿನ ಮುಂದೆ ಕಾಲುಗಳ ನಡುವೆ ಇಟ್ಟುಕೊಂಡು ಹೋದರು. ಅವರು ಹೋದ ಮೇಲೆ ಖಾಲಿಯಾದ ಮೂಲೆಯನ್ನು ಶುಭಾಂಗಿ ಎರಡು ಸಲ ತಿರುಗಿ ನೋಡಿದ್ದು ಹೌದು. ಆದರೆ ಹೆಮ್ಮೆ ಅದಕ್ಕಿಂತ ಹೆಚ್ಚಿತ್ತು, ಸುಳ್ಳೇಕೆ ಹೇಳಬೇಕು. ಸಂಜೆ ಅವ್ವನಿಗೆ ಫೋನು ಮಾಡಿ, "ಯವ್ವಾ, ಕುರಿ ಡಾಕ್ಟರ ಫೋನು ಇನ್ನ ಮ್ಯಾಲ ನನ್ನ ಯಂತ್ರದಾಗಿಂದ ಹಾದು ಹೊಕ್ಕೈತಿ" ಎಂದಳು. ಯಮುನವ್ವ, "ಚಲೋ ಆತು" ಎಂದಳು. ಎರಡೇ ಮಾತು. ಹಟ್ಟಿ ಆಗ ಹಲಕರ್ಣಿಯ ಹತ್ತಿರ ಒಂದು ಹೊಲದಲ್ಲಿ ಇಳಿದಿತ್ತು. ಅಲ್ಲಿ ಇನ್ನೂ ಮೂರು ಹಟ್ಟಿಗಳಿದ್ದವು.

ಮಂಗಳವಾರ ಆಫೀಸು ತಣ್ಣಗಿತ್ತು. ಹೊಸ ಎಕ್ಸ್‌ಚೇಂಜು ಒಂದು ಸಲವೂ ಬಿಕ್ಕಲಿಲ್ಲ, ಬಿಸಿಯಾಗಲಿಲ್ಲ. ಒಂದು ತಕರಾರೂ ಬರಲಿಲ್ಲವೆಂದು ಕಾಕಾಸಾಹೇಬರು ಬಂದಬಂದವರಿಗೆಲ್ಲ ಪರದೆ ತೋರಿಸಿದರು. "ನಮ್ಮ ಶುಭಾಂಗಿ ಯಂತ್ರ ಕೂಡ್ಸಿದ್ಲು, ಕುರಿಗೋಳ ಜಡ್ಡೂ ವಾಸಿ ಆದುವು ನೋಡ್ರಿ!" ಎಂದು ಚಹಾ ತರಿಸಿದರು. ಶುಭಾಂಗಿ ನಾಚಿಕೊಂಡು ಕುಡಿದಳು. ಆ ಚಹಾ ನೆನೆದರೆ ಇವತ್ತಿಗೂ ಅವಳು ಕೈಯಲ್ಲಿದ್ದ ಕಪ್ಪನ್ನು ಕೆಳಗಿಡುತ್ತಾಳೆ.

ಬುಧವಾರ ಹತ್ತು ಗಂಟೆಗೆ ಗಡಹಿಂಗ್ಲಜದಿಂದ ಡಾಕ್ಟರು ಪ್ರತೀಕ ಫೋನು ಮಾಡಿದ. ಶಿರೋಳದ ಹುಡುಗ, ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತಷ್ಟೆ. ಅವನ ಸ್ವಂತ ನಂಬರು ಇನ್ನೂ ಯಾವ ಕುರಿಗಾರನ ಹತ್ತಿರವೂ ಇರಲಿಲ್ಲ.

"ಅಕ್ಕಾರ, ಒಂದ ಮಾತ ಕೇಳ್ಲೇನ್ರಿ? ದಿನಾ ನಲವತ್ತ ಮಂದಿದು ಹೆಸರು ಬರ್ತಿತ್ತು ನನ್ನ ಪಟ್ಟ್ಯಾಗ. ನಿನ್ನೆ ಐದು ಬಂದಾವ. ಇವತ್ತ ಒಂದ. ಚಂದಗಡ ಕಡೆ ಕುರಿ ಈಯೋ ದಿವಸ ಇವು. ನನಗ ಯಾಕೋ ಸರಿ ಅನಿಸವಲ್ದು."

ಶುಭಾಂಗಿ ಎಕ್ಸ್‌ಚೇಂಜಿನ ಒಳಹೊಕ್ಕು ಒಂದೊಂದೇ ಪುಟ ತೆರೆದು ನೋಡಿದಳು. ಎಲ್ಲ ಹಸಿರು. ಎಲ್ಲ ಸರಿ. ಆಗ ತಡೆಪಟ್ಟಿ ಎಂಬ ಪುಟ ಕಾಣಿಸಿತು. ತೆರೆದಳು. ಎಪ್ಪತ್ತೊಂದು ನಂಬರುಗಳು. ಮೇಲೆ ನಿಯಮ ಬರೆದಿತ್ತು, ಕಟ್ಟಿದವರು ಮೊದಲೇ ಹಾಕಿಟ್ಟದ್ದು: ಐದು ಸೆಕೆಂಡಿನೊಳಗೆ ಕತ್ತರಿಸಿದ ಕರೆಯನ್ನು ಕರೆಯೆಂದು ಎಣಿಸಬೇಡ, ಯಾರಾದರೂ ಹಾಗೆ ಮೂರು ಸಲ ಮಾಡಿದರೆ ಕಿಡಿಗೇಡಿಗಳೆಂದು ತಿಳಿದು ಬಾಗಿಲು ಮುಚ್ಚು.

ಅವಳು ಆ ನಿಯಮವನ್ನು ಮತ್ತೊಮ್ಮೆ ಓದಿದಳು. ನಮ್ಮ ಕುರಿಗಾರರು ಫೋನು ಎತ್ತುವತನಕ ಯಾವತ್ತು ಕಾದಾರು? ಪುಕ್ಕಟೆ ಮಾತಿನ ಕಾಲ ಬಂದು ಎಷ್ಟೋ ವರ್ಷವಾದರೂ ಅವರದು ಅದೇ ರೂಢಿ. ಒಂದು ರಿಂಗು ಕೊಟ್ಟು ಕತ್ತರಿಸುವುದು. ಅದು ಜಿಪುಣತನವಲ್ಲ, ಮರ್ಯಾದೆ. ದೊಡ್ಡವರ ಕೈಯಲ್ಲಿ ಏನು ಕೆಲಸವಿದೆಯೋ, ಅವರಿಗೆ ಪುರಸೊತ್ತಾದಾಗ ಅವರೇ ಮಾಡಲಿ ಎಂಬ ದಾಕ್ಷಿಣ್ಯ. ಒಂದು ರಿಂಗು ಎಂದರೆ 'ಆದಾಗ ಮಾಡ್ರಿ'. ಮೂರು ಸಲ ಸಾಲಾಗಿ ಕೊಟ್ಟು ಕತ್ತರಿಸಿದರೆ 'ಇದ್ದಂಗ ಎದ್ದು ಬರ್ರಿ, ಜೀವ ಹೋಗಾಕತ್ತೈತಿ'. ಕುರಿ ಹಟ್ಟಿಯಲ್ಲಿ ಹುಟ್ಟಿ ಬೆಳೆದ ಶುಭಾಂಗಿಗೆ ಇದು ಗೊತ್ತಿರಲಿಲ್ಲವೇ? ನಡೆಯುವುದು ಗೊತ್ತಿರುವಷ್ಟೇ ಗೊತ್ತಿತ್ತು. ಆದರೆ ಪರದೆಯ ಮುಂದೆ ಕೂತಾಗ ಅವಳು ಹಟ್ಟಿಯ ಮಗಳಾಗಿರಲಿಲ್ಲ, ಮುನ್ನೂರು ಪುಟದ ಪುಸ್ತಕದ ಮಗಳಾಗಿದ್ದಳು. ಯಾರಿಗೆ ಎಲ್ಲರಿಗಿಂತ ಅವಸರವಿತ್ತೋ ಅವರನ್ನೇ ಆರಿಸಿ ಆರಿಸಿ ಅವಳ ಯಂತ್ರ ಹೊರಗೆ ನಿಲ್ಲಿಸಿತ್ತು.

ಪಟ್ಟಿಯನ್ನು ಕೆಳಗೆ ಸರಿಸಿದಳು. ಇಪ್ಪತ್ತಾರನೆಯ ನಂಬರಿನ ಮೇಲೆ ಬೆರಳು ನಿಂತಿತು. ಅದನ್ನು ಓದಬೇಕಾಗಿರಲಿಲ್ಲ. ಅವ್ವನದು. ಮಂಗಳವಾರ ಸಂಜೆ ಮೂರು ಸಲ. ಬುಧವಾರ ಬೆಳಿಗ್ಗೆ ಏಳರಿಂದ ಆರು ಸಲ.

ಅವ್ವನಿಗೆ ಫೋನು ಹಚ್ಚಿದಳು. ರಿಂಗಾಗಿ ರಿಂಗಾಗಿ ನಿಂತಿತು. ಅಪ್ಪನದು ಬಂದ್. ಪ್ರತೀಕನಿಗೆ ಹಚ್ಚಿದಳು. "ಡಾಕ್ಟರ್ರ, ಹಲಕರ್ಣಿಗೆ ನಡೀರಿ. ಎಲ್ಲಿ ಅದೀರಿ ಹಂಗ ನಡೀರಿ. ನಮ್ಮವ್ವನ ಹಟ್ಟಿ. ಏನಾಗೇತಿ ಗೊತ್ತಿಲ್ಲ, ಒಂಬತ್ತ ಸಲ ಹಚ್ಯಾಳ." ಅವನು ಫೋನು ಕತ್ತರಿಸುವ ಮೊದಲೇ ಮೋಟರ್‌ಸೈಕಲ್ಲಿನ ಕಿಕ್ಕು ಇವಳಿಗೆ ಕೇಳಿಸಿತು.

ನಿಯಮ ತೆಗೆದುಹಾಕಲು ಎರಡು ನಿಮಿಷ ಸಾಕಾಯಿತು. ಎಪ್ಪತ್ತೊಂದು ನಂಬರುಗಳನ್ನೂ ಬಿಡಿಸಿದಳು. ಆಮೇಲೆ ಶ್ರೀಪಾಲ ಕಾಕಾರಿಗೆ ಫೋನು ಮಾಡಿ, ಬೈಸಿಕೊಳ್ಳುವ ತಯಾರಿಯಲ್ಲಿಯೇ, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಕಾಕಾ ಬೈಯಲಿಲ್ಲ.

"ಆ ಮೂರ ರಿಂಗಿನ ಕಾಯ್ದೆ ನಾ ಮಾಡಿದ್ದಲ್ಲ ಶುಭಾ. ನಿಮ್ಮ ಮಂದೀನೇ ಮಾಡಿದ್ದು. ನಾ ಬರೇ ಅದನ್ನ ಕೇಳೂದು ಡಬ್ಬಿಗೆ ಕಲಿಸಿದ್ದೆ, ಅಷ್ಟ. ನನ್ನದೂ ತಪ್ಪೈತಿ, ಬರದಿಡಬೇಕಾಗಿತ್ತು. ಈಗ ಅಳಬ್ಯಾಡ. ಎಪ್ಪತ್ತೊಂದೂ ನಂಬರು ನನಗ ವಾಟ್ಸಾಪ್ ಮಾಡು, ಒಬ್ಬೊಬ್ಬರಿಗೂ ನಾ ಹಚ್ಚಿ ಕೇಳ್ತೀನಿ. ನೀ ಅವ್ವನ ಕಡೆ ಹೋಗ."

"ನಿಮ್ಮ ಅಂಗಡಿ ಕಾಕಾ?"

"ಲೂಮು ಒಂದ ದಿವಸ ನಿಂತ್ರ ಸಾಯಂಗಿಲ್ಲ. ಹೋಗ ಅಂದ್ನೆಲ್ಲ!"

ಗಡಹಿಂಗ್ಲಜಕ್ಕೆ ಬಸ್ಸು, ಅಲ್ಲಿಂದ ಹಲಕರ್ಣಿಗೆ ಮತ್ತೊಂದು. ನಿಪ್ಪಾಣಿ ದಾಟುವಾಗ ಪ್ರತೀಕನ ಫೋನು ಬಂತು. ಕುರಿಗೆ ಹಿಂದಿನ ಸಂಜೆಯೇ ನೋವು ಎದ್ದಿತ್ತು, ಈಯಲಾಗದೆ ಬೆಳಿಗ್ಗೆಯಿಂದ ಒದ್ದಾಡಿತ್ತು. ಮರಿಯ ಮುಂಗಾಲು ಹಿಂದಕ್ಕೆ ಮಡಚಿಕೊಂಡಿತ್ತು. ಮರಿ ಹೋಯಿತು. ಕುರಿ ಉಳಿದಿದೆ. "ಎರಡ ತಾಸು ಮೊದಲ ಬಂದಿದ್ರ ಎರಡೂ ಉಳೀತಿದ್ದುವು" ಎಂದು ಅವನು ಹೇಳಲಿಲ್ಲ, ಒಳ್ಳೆಯವನು. ಅವಳೇ ಕೇಳಿದಳು, ಆಗ "ಹೌದ್ರಿ" ಎಂದ. ಮುಂದಿನ ದಾರಿಯೆಲ್ಲ ಶುಭಾಂಗಿ ಅವ್ವನಿಗೆ ಹೇಳಬೇಕಾದ ಮಾತು ಜೋಡಿಸುತ್ತ ಕೂತಳು.

ಹಟ್ಟಿ ಮುಟ್ಟಿದಾಗ ಎರಡು ದಾಟಿತ್ತು. ಪ್ರತೀಕ ಶ್ರೀಪಾಲ ಕಾಕಾ ಹೇಳಿದ ಇನ್ನೊಂದು ಹಟ್ಟಿಗೆ ಹೊರಟುಹೋಗಿದ್ದ. ನಾಮದೇವ ಮರಿಯನ್ನು ಬದುವಿನ ಕೆಳಗೆ ಮಣ್ಣು ಮಾಡಿ, ಉಳಿದ ಕುರಿ ಹೊಡೆದುಕೊಂಡು ಮೇಯಿಸಲು ಹೋಗಿದ್ದ. ಯಮುನವ್ವ ಗುಡಾರದ ನೆರಳಲ್ಲಿ ಕುರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆಲ್ಲದ ನೀರು ಕುಡಿಸುತ್ತಿದ್ದಳು. ಮೊಣಕೈತನಕ ಒಣಗಿದ ರಕ್ತ.

"ಬಂದಿ? ಉಂಡೀಯೇನ?"

"ಯವ್ವಾ, ನಾ ಮಾಡಿದ್ದು ಇದು." ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಎಲ್ಲಿ ಹೋದವೋ. "ನನ್ನ ಯಂತ್ರ ನಿನ್ನ ನಂಬರ ಬಂದ್ ಮಾಡಿತ್ತು. ನಾ ನೋಡ್ಲಿಲ್ಲ. ನೋಡಬೇಕಾಗಿತ್ತು, ನೋಡ್ಲಿಲ್ಲ. ನಿನ್ನ ಮರಿ ನನ್ನಿಂದ ಸತ್ತೈತಿ."

ಯಮುನವ್ವ ಕುರಿಯ ಬಾಯಿ ಒರೆಸಿದಳು. ಸಿಟ್ಟು ಬಂದಿತ್ತು, ಕಾಣುವಂತೆಯೇ ಬಂದಿತ್ತು.

"ನನಗಾದ್ರೂ ಯಾಕ ಹಚ್ಚಲಿಲ್ಲ ಯವ್ವಾ? ನನ್ನ ನಂಬರಿಗೆ?" ಎಂದು ಶುಭಾಂಗಿ ಅಳುತ್ತಲೇ ಕೇಳಿದಳು.

"ಹಚ್ಚಿದ್ನೆಲ್ಲ!"

"ಎಲ್ಲಿ ಹಚ್ಚೀದಿ?"

"ನೀನ ಹೇಳಿದ್ದೆಲ್ಲ, ಡಾಕ್ಟರ ಫೋನು ನಿನ್ನ ಯಂತ್ರದಾಗ ಹಾದು ಹೊಕ್ಕೈತಿ ಅಂತ? ಮತ್ತ ಅಲ್ಲಿ ಹಚ್ಚಿದ್ರ ನಿನಗ ಹಚ್ಚಿದಂಗ ಅಲ್ಲೇನ? ಮಗ್ಗಲ ಹಟ್ಟಿ ಕೇದಾರಿ ಹೇಂತಿಗೂ ಹೇಳೀನಿ, ಅಲ್ಲಪ್ಪಗೂ ಹೇಳೀನಿ. ಹಚ್ಚರಿ, ಹೆದರಬ್ಯಾಡ್ರಿ, ಅಲ್ಲಿ ನನ್ನ ಮಗಳ ಕೂತಾಳ ಅಂತ."

ಶುಭಾಂಗಿಗೆ ಆಗ ತಿಳಿಯಿತು. ಸೋಮವಾರ ಸಂಜೆ ಅವ್ವ 'ಚಲೋ ಆತು' ಎಂದದ್ದು ಸುಮ್ಮನೆ ಅಂದ ಮಾತಾಗಿರಲಿಲ್ಲ. ಮಗಳ ಒಂದು ಮಾತು ನಂಬಿಕೊಂಡು ಅವ್ವ ಉಳಿದ ಮೂರೂ ಹಟ್ಟಿಗೆ ಡಂಗುರ ಸಾರಿದ್ದಳು. ಹಟ್ಟಿ ಹಟ್ಟಿಯವರೂ ಮಗಳ ಹೆಸರಿನ ಮೇಲೆ ಭಾರ ಹಾಕಿ ರಿಂಗು ಕೊಟ್ಟು ಕೂತಿದ್ದರು. ಮರಿ ಸತ್ತದ್ದಕ್ಕಿಂತ ಇದು ಅವಳನ್ನು ಹೆಚ್ಚು ಸುಟ್ಟಿತು.

ಯಮುನವ್ವ ಕುರಿಯನ್ನು ಮೆಲ್ಲಗೆ ಕೆಳಗೆ ಮಲಗಿಸಿ, ಕೊಡದ ನೀರಿನಿಂದ ಕೈ ತೊಳೆದು ಎದ್ದಳು. "ನಡಿ. ನಾ ಹೇಳಿದ ಮಾತು ಸುಳ್ಳಾಗೇತಿ. ನೀನ ಬಂದ ನಿನ್ನ ಬಾಯಿಲೆ ಹೇಳು ಅವರಿಗೆ, ಏನಾಗಿತ್ತಂತ. ನಾ ಹೇಳಿದ್ರ ನನಗ ತಿಳಿಯಂಗಿಲ್ಲ, ಅವರಿಗೂ ತಿಳಿಯಂಗಿಲ್ಲ."

ಕಡಿದ ಕಬ್ಬಿನ ಕೂಳೆಗಳು ಚಪ್ಪಲಿಗೆ ಚುಚ್ಚುತ್ತಿದ್ದವು. ಅವ್ವ ಮುಂದೆ, ಮಗಳು ಹಿಂದೆ. ಮೊದಲನೆಯ ಹಟ್ಟಿಯಲ್ಲಿ ಒಬ್ಬ ಮುದುಕಿ ಬಿಟ್ಟರೆ ಯಾರೂ ಇರಲಿಲ್ಲ. ಅವಳಿಗೆ ಕಿವಿಯೂ ಕೇಳುತ್ತಿರಲಿಲ್ಲ, ಆದರೂ ಯಮುನವ್ವ ಹೇಳಿಸಿಯೇ ಬಿಟ್ಟಳು. ಕೇದಾರಿಯ ಗುಡಾರದಲ್ಲಿ ಕೇದಾರಿ ಎಲ್ಲ ಕೇಳಿ ನಕ್ಕ. "ನಾ ಡಾಕ್ಟರಂದ ಲಗ್ನಗಿಗ್ನ ಇರಬೇಕಂತ ತಿಳಕೊಂಡಿದ್ದೆ ತಂಗೀ. ಯಾರೋ ಇಚಲಕರಂಜಿ ಕಾಕಾ ಈಗಷ್ಟ ಹಚ್ಚಿದ್ರು. ಅರ್ಧಾ ತಾಸು ಮಾತಾಡಿದ್ರು, ಕುರೀದ ಕೇಳಿ ನಂದೂ ಕೇಳಿದ್ರು" ಎಂದ. ಅವನು ರಿಂಗು ಕೊಟ್ಟದ್ದು ಸಣ್ಣ ಜಡ್ಡಿಗೆ, ಅದು ತಾನಾಗಿಯೇ ವಾಸಿಯಾಗಿತ್ತು.

ಅಲ್ಲಪ್ಪ ನಗುವವನಲ್ಲ. ಅವನ ಟಗರು ಎರಡು ದಿನದಿಂದ ಮೇವು ಬಿಟ್ಟಿತ್ತು, ಬಾಯಲ್ಲಿ ನೊರೆ. ಶುಭಾಂಗಿ ಕೈ ಮುಗಿದು ಹೇಳತೊಡಗಿದಳು: ಯಂತ್ರ ಹೊಸದು, ನಮ್ಮ ರೂಢಿ ಅದಕ್ಕೆ ತಿಳಿದಿರಲಿಲ್ಲ, ತಿಳಿಸಬೇಕಾದವಳು ನಾನು, ತಿಳಿಸಲಿಲ್ಲ. ಅವನು ಅರ್ಧಕ್ಕೇ ತಡೆದ.

"ನಿಮ್ಮಂಥಾ ಸಾಲಿ ಕಲ್ತವ್ರು ಗಾಳಿ ಹಾಕ್ಕೊಂತ ಕುರ್ಚಿ ಮ್ಯಾಲ ಕೂತು ಬಟನ್ ಒತ್ತೂದು, ನಾವಿಲ್ಲಿ ಸಾಯೂದು! ಅದೇನ ಕೆಲಸ ಅದು? ಕೂಡಾಕ ಪಗಾರ ಕೊಡ್ತಾರೇನ ನಿನಗ? ಅಲ್ಲಾ—"

"ಅಲ್ಲಪ್ಪಾ!"

ಯಮುನವ್ವನ ಆ ದನಿಗೆ ಬೇಲಿಯ ನಾಯಿಯೂ ಎದ್ದು ನಿಂತಿತು.

"ಬೈಯೂದಿದ್ರ ನಾ ಬೈತೀನಿ ಆಕೀನ. ಮರಿ ಸತ್ತದ್ದು ನಂದು, ಹಡದದ್ದೂ ನಾ. ನಿಂದೇನ ನಡುವ? ಕೂಡೂ ಕೆಲಸ ಅಂತಿ? ಕೂಡೂ ಕೆಲಸ ಆಗಿದ್ರ, ಎರಡ ದಿವಸ ಅದು ನಿಂತದ್ದಕ್ಕ ನೀ ಯಾಕ ಹಿಂಗ ಒದರಾಕತ್ತಿ? ನಾ ಯಾಕ ಒದ್ದಾಡಿದೆ? ಡಾಕ್ಟರ ನಿನಗ ಕಾಣತಿದ್ದ, ಈಕಿ ಕಾಣತಿದ್ದಿಲ್ಲ, ಅಷ್ಟ. ಇಷ್ಟ ದಿವಸ ನಿನ್ನ ಟಗರು ಬದುಕಿದ್ದು ಈಕಿ ಕೂತದ್ದಕ್ಕ. ತಪ್ಪ ಮಾಡ್ಯಾಳ, ನಡಕೊಂತ ಬಂದು ಮಾರಿ ಮುಂದ ನಿಂತು ಹೇಳ್ಯಾಳ. ನೀ ನಿನ್ನ ಜನ್ಮದಾಗ ಯಾರ ಮುಂದರೆ ನಿಂತು ಹೇಳೀದೇನ?"

ಅಲ್ಲಪ್ಪ ರುಮಾಲು ಸರಿಮಾಡಿಕೊಂಡು ಟಗರಿನ ಕಡೆ ನೋಡಿದ. ಗುಡಾರದೊಳಗೆ ಅವನ ಫೋನು ಬಡಿದುಕೊಳ್ಳಲಾರಂಭಿಸಿತು. ಅವನ ಹೆಂಡತಿ ಎತ್ತಿ, "ಇಚಲಕರಂಜಿ ಕಾಕಾ ಅಂತ. ಡಾಕ್ಟರ ಹೊಂಟಾರಂತ, ಅರ್ಧಾ ತಾಸನ್ಯಾಗ ಬರ್ತಾರಂತ" ಎಂದು ಕೂಗಿದಳು.

ಶುಭಾಂಗಿಗೆ ಅಲ್ಲಿಯೇ, ಅಲ್ಲಪ್ಪನ ಎದುರಿಗೇ, ತಡೆಯಲಾರದಷ್ಟು ಅಳು ಬಂತು. ಯಮುನವ್ವ ಸೆರಗಿನಿಂದ ಮಗಳ ಮುಖವನ್ನು ಗಟ್ಟಿಯಾಗಿ ಒರೆಸಿ, ಡಾಕ್ಟರು ಬರುವತನಕ ಇಲ್ಲಿಯೇ ಕೂಡೋಣವೆಂದು ಹೇಳಿ, ಅಲ್ಲಪ್ಪನ ಹೆಂಡತಿಗೆ ಚಹಾ ಇಡಲು ಹೇಳಿದಳು.